ಬಾಯಿ ನೋಡಿದವರ ನಾಡಿಗೆ

ಮಂಗಳೂರು ಸೆಂಟ್ರಲ್‌ನಿಂದ ಪರಶುರಾಮ ಎಕ್ಸ್‌ಪ್ರೆಸ್ ಹೊರಡುವುದು ಬೆಳಗಿನ ಜಾವ ಐದರ ಸುಮಾರಿಗೆ. ನೇತ್ರಾವತಿ ಸೇತುವೆ ದಾಟುವಾಗ ಇನ್ನೂ ಕತ್ತಲೆ. ಮಂಜೇಶ್ವರ ಕಳೆದು ಕುಂಬಳೆ ಹತ್ತಿರ ಬಂದಾಗ ಕಿಟಕಿಯಾಚೆ ತೆಂಗಿನ ಮರಗಳ ತಲೆ ಕಾಣತೊಡಗಿತು. ಬೋಗಿಯಲ್ಲಿ ಯಾರೋ ಚಹಾ ಕೇಳಿದರು, ಯಾರೋ ಬಾಗಿಲು ಹಾಕಿ ಎಂದು ಗದರಿದರು. ನನ್ನ ಎದುರಿನ ಸೀಟಿನ ಹಿರಿಯರು ಮಾತ್ರ ಯಾವುದರ ಗೊಡವೆಯೂ ಇಲ್ಲದೆ ತೊಡೆಯ ಮೇಲೆ ಎಲೆಸಂಚಿ ಬಿಚ್ಚಿಕೊಂಡರು.

ವೀಳ್ಯದೆಲೆಯನ್ನು ಪಂಚೆಗೆ ಒರೆಸಿ, ತೊಟ್ಟು ಮುರಿದು, ಹಿಂಬದಿಯ ನಾರನ್ನು ಉಗುರಿನಲ್ಲಿ ಎಳೆದು ತೆಗೆದರು. ಹಿತ್ತಾಳೆಯ ಸಣ್ಣ ಕರಡಿಗೆಯಿಂದ ತೋರುಬೆರಳ ತುದಿಯಷ್ಟು ಸುಣ್ಣ. ಚಾಲಿ ಅಡಿಕೆಯ ಎರಡು ಹೋಳು. ಕೊನೆಗೆ, ಸುತ್ತ ಒಮ್ಮೆ ನೋಡಿ, ಕಾಗದದ ಪೊಟ್ಟಣದಿಂದ ಒಂದು ಚೂರು ಹೊಗೆಸೊಪ್ಪು. ಎಲ್ಲವನ್ನೂ ಮಡಚಿ ಎಡಗೆನ್ನೆಗೆ ಸೇರಿಸಿದರು. ಯಾವಾಗಲೂ ಎಡಗಡೆಯೇ ಏನು ಎಂದು ಕೇಳಿದೆ. "ಮದುವೆಗೆ ಮೊದಲಿನಿಂದಲೂ ಅದೇ ಜಾಗ. ಬಲಗಡೆ ಹಾಕಿದರೆ ರುಚಿಯೇ ಇಲ್ಲ" ಎಂದರು.

ವಿಟ್ಲದ ಕಡೆಯ ತೋಟದವರು, ಮಗಳ ಮನೆಗೆ ಎರ್ನಾಕುಲಕ್ಕೆ ಹೊರಟವರು. ನನ್ನ ಪ್ರಯಾಣ ಎಲ್ಲಿಗೆ ಎಂದು ವಿಚಾರಿಸಿದರು.

"ತಿರುವನಂತಪುರಕ್ಕೆ. ಅಲ್ಲಿ ಬಾಯಿ ನೋಡುತ್ತಾರೆ. ಅದನ್ನು ನೋಡಲಿಕ್ಕೆ."

"ಎಂತ ಮಾರಾಯ್ರೆ, ಬಾಯಿ ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾ? ಮನೆಯಲ್ಲಿ ಕನ್ನಡಿ ಇಲ್ಲವಾ?"

ನಗು ಬಂತು. ಆದರೆ ನಾನು ಹೊರಟ ಕಾರಣವನ್ನು ಅವರು ನನಗಿಂತ ಚೆನ್ನಾಗಿಯೇ ಹೇಳಿಬಿಟ್ಟಿದ್ದರು. ಹೊಟ್ಟೆಯೊಳಗಿನ, ಶ್ವಾಸಕೋಶದೊಳಗಿನ ಕ್ಯಾನ್ಸರ್ ಹುಡುಕಲು ಕೊಳವೆ ಇಳಿಸಬೇಕು, ದೊಡ್ಡ ಯಂತ್ರದೊಳಗೆ ಮಲಗಬೇಕು. ಬಾಯಿಯದ್ದು ಹಾಗಲ್ಲ. ಅಲ್ಲಿ ಕ್ಯಾನ್ಸರ್ ಬರುವ ಮೊದಲು, ಎಷ್ಟೋ ಸಲ ವರ್ಷಗಳ ಮೊದಲೇ, ಅದರ ಗುರುತು ಬರಿಗಣ್ಣಿಗೆ ಕಾಣುವ ಜಾಗದಲ್ಲಿ ಮೂಡಿರುತ್ತದೆ. ಒರೆಸಿದರೂ ಕೆರೆದರೂ ಹೋಗದ ಬಿಳಿ ಮಚ್ಚೆ, ಅಂದರೆ ಲ್ಯೂಕೋಪ್ಲೇಕಿಯಾ. ಅದಕ್ಕಿಂತ ಅಪರೂಪದ, ಅದಕ್ಕಿಂತ ಎಷ್ಟೋ ಪಾಲು ಅಪಾಯದ ಕೆಂಪು ಮಚ್ಚೆ, ಎರಿತ್ರೋಪ್ಲೇಕಿಯಾ. ಕೆನ್ನೆಯ ಒಳಪದರ ಬಿಳಿಚಿಕೊಂಡು, ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್. ಹೀಗೆ ಮುನ್ಸೂಚನೆ ಕೊಟ್ಟು ಬರುವ ಕಾಯಿಲೆಯಿಂದ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 80 ಸಾವಿರ ಜನ ಸತ್ತರು ಎಂಬುದು 2022ರ ಅಂತರರಾಷ್ಟ್ರೀಯ ಅಂದಾಜು. ಹೊಸದಾಗಿ ಕಾಯಿಲೆಗೆ ಬಿದ್ದವರು 1.4 ಲಕ್ಷಕ್ಕೂ ಹೆಚ್ಚು. ಕಣ್ಣೆದುರೇ ಇರುವುದು ಕಣ್ಣಿಗೆ ಬೀಳದೆ ಹೋಗುವುದು ಹೇಗೆ? ತಿರುವನಂತಪುರದಲ್ಲಿ ಕೆಲವರು ಅದನ್ನು ಕಣ್ಣಿಗೆ ಬೀಳಿಸಿಕೊಳ್ಳಲು ಪಣತೊಟ್ಟು, ಸುಮಾರು ಎರಡು ಲಕ್ಷ ಜನರ ಲೆಕ್ಕ ಇಟ್ಟಿದ್ದರು. ಆ ಊರನ್ನು ನೋಡಬೇಕಿತ್ತು.

ಕಾಞಂಗಾಡ್ ದಾಟಿದ ಮೇಲೆ ಮಾತಿಗೆ ಮಾತು ಬೆಳೆದು, ಹಲ್ಲಿನ ವೈದ್ಯರು ಹೇಳುವ ಒಂದು ಸುಲಭದ ಪರೀಕ್ಷೆಯನ್ನು ಹಿರಿಯರಿಗೆ ತೋರಿಸಿದೆ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ತೂರಿಸುವುದು. ಅವರವರ ಬಾಯಿಗೆ ಅವರವರದೇ ಬೆರಳು. ಮೂರೂ ಹಿಡಿಸಿದರೆ ಬಾಯಿ ಸಲೀಸಾಗಿ ತೆರೆಯುತ್ತಿದೆ ಎಂದರ್ಥ. ಹಿರಿಯರು ಎಲೆ ಉಗುಳಿ ಬಂದು ಪ್ರಯತ್ನಿಸಿದರು. ಹಿಡಿಸಿತು. ಪಕ್ಕದ ಸೀಟಿನ ಹೆಂಗಸು ಸೆರಗು ಮರೆ ಮಾಡಿಕೊಂಡು ನೋಡಿದರು. ಐದು ನಿಮಿಷದಲ್ಲಿ ನಮ್ಮ ಸುತ್ತಿನವರೆಲ್ಲ ಬಾಯಿಗೆ ಬೆರಳಿಟ್ಟುಕೊಂಡು ಕೂತಿದ್ದರು. ಟಿಕೆಟ್ ನೋಡಲು ಬಂದವರು ಎರಡು ಹೆಜ್ಜೆ ಹಿಂದೆ ಸರಿದರು.

ಮೇಲಿನ ಬರ್ತಿನಿಂದ ಇಳಿದ ಹುಡುಗನಿಗೆ ಮಾತ್ರ ಮೂರನೆಯ ಬೆರಳು ಹೋಗಲಿಲ್ಲ. ಮಂಗಳೂರಿನಲ್ಲಿ ಓದುವವನು, ಇಪ್ಪತ್ತೆರಡೋ ಇಪ್ಪತ್ಮೂರೋ. ಮೊದಲು ನಕ್ಕ. ಇನ್ನೊಮ್ಮೆ ಯತ್ನಿಸಿದ. ಸ್ವಲ್ಪ ಹೊತ್ತಿನ ನಂತರ ನನ್ನ ಪಕ್ಕ ಬಂದು ಕೂತು, ದನಿ ತಗ್ಗಿಸಿ, "ಅಣ್ಣಾ, ಮೆಣಸಿನ ಸಾರು ತಿಂದರೆ ಕೆಲವು ತಿಂಗಳಿಂದ ಉರಿ. ಐಸ್‌ಕ್ರೀಂ ಕೂಡ ಉರಿಯುತ್ತದೆ" ಎಂದ. ಹಾಸ್ಟೆಲಿಗೆ ಬಂದ ಮೇಲೆ ಅಡಿಕೆ ಪೊಟ್ಟಣದ ಅಭ್ಯಾಸವಂತೆ. ತಂಬಾಕು ಇಲ್ಲದ್ದು, ಹಾಗಾಗಿ ಪರವಾಗಿಲ್ಲ ಎಂದುಕೊಂಡಿದ್ದ. ಉರಿ ಮತ್ತು ಬಾಯಿ ಬಿಗಿಯುವುದು, ಎರಡೂ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ ಬಾಗಿಲಲ್ಲೇ ನಿಲ್ಲುವ ಲಕ್ಷಣಗಳು. ಖಚಿತ ಹೇಳಲು ನಾನು ವೈದ್ಯನಲ್ಲ. ಮಂಗಳೂರಿನಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ, ಯಾವುದಾದರೂ ಒಂದರ ಓಪಿಡಿಗೆ ಈ ವಾರವೇ ಹೋಗು, ಪೊಟ್ಟಣ ಮಾತ್ರ ಇವತ್ತೇ ಬಿಡು ಎಂದೆ. ಕಣ್ಣೂರಿನಲ್ಲಿ ಇಳಿಯುವಾಗ ಕೈ ಎತ್ತಿದ.

ಅಡಿಕೆಯ ಮಾತು ಬಂದಾಗ ಹಿರಿಯರ ಮುಖ ಸ್ವಲ್ಪ ಬಿಗಿದಿತ್ತು. ಅದು ಸಹಜವೇ. ವಿಟ್ಲದಲ್ಲಿ ಅಡಿಕೆಗೆಂದೇ ಸಂಶೋಧನಾ ಕೇಂದ್ರವಿದೆ, ಕಾಸರಗೋಡಿನಲ್ಲಿ ಅದರ ಮಾತೃಸಂಸ್ಥೆಯಿದೆ, ಮಂಗಳೂರಿನಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ಈ ಕರಾವಳಿ, ಮಲೆನಾಡುಗಳ ಎಷ್ಟೋ ಮಕ್ಕಳ ಶಾಲೆಯ ಫೀಸು ಅಡಿಕೆ ದುಡ್ಡು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರ ಸಿಟ್ಟು ನನಗೆ ಅರ್ಥವಾಗುತ್ತದೆ, ಬೆಲೆ ಬಿದ್ದರೆ ಮುಳುಗುವವರು ಅವರು. ಆ ಸಿಟ್ಟಿನಿಂದ ಹುಡುಗನ ಬಾಯಿ ಅರ್ಧ ಇಂಚೂ ಹೆಚ್ಚು ತೆರೆಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಈ ಬಿಗಿಯುವ ಬಾಯಿಯ ಚರಿತ್ರೆಯೇ ಒಂದು ವಿಚಿತ್ರ ಪ್ರಯಾಣ. ಆಧುನಿಕ ವೈದ್ಯಸಾಹಿತ್ಯದಲ್ಲಿ ಅದನ್ನು ಮೊದಲು ವರ್ಣಿಸಿದ್ದು 1952ರಲ್ಲಿ, ಅದೂ ಭಾರತದಲ್ಲಲ್ಲ. ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಅದನ್ನು ಕಂಡ. ಮರುವರ್ಷವೇ ಮುಂಬೈಯಲ್ಲಿ ಜೋಶಿ ಎಂಬ ವೈದ್ಯರು ಇಲ್ಲಿನ ರೋಗಿಗಳಲ್ಲಿ ಗುರುತಿಸಿದರು. 1966ರಲ್ಲಿ ಡೆನ್ಮಾರ್ಕಿನ ಯೆನ್ಸ್ ಪಿಂಡ್‌ಬೋರ್ಗ್ ಮತ್ತು ಮುಂಬೈಯ ವಿಜ್ಞಾನಿ ಸತ್ಯವತಿ ಸಿರ್ಸಾಟ್ ಸೇರಿ ಬರೆದ ವಿವರಣೆಯನ್ನು ಇಂದಿಗೂ ಹಲ್ಲಿನ ವೈದ್ಯಕೀಯದ ವಿದ್ಯಾರ್ಥಿಗಳು ಓದುತ್ತಾರೆ. ಕೋಪನ್‌ಹೇಗನ್ನಿನ ಪ್ರೊಫೆಸರರೊಬ್ಬರು ಸಾವಿರಾರು ಮೈಲಿ ದಾಟಿ ಬಂದು, ಎಲೆಯಡಿಕೆ ಹಾಕಿಕೊಂಡವರ ಬಾಯಿಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ ದೃಶ್ಯ ಊಹಿಸಿಕೊಳ್ಳಿ.

ಶೊರನೂರಿನಲ್ಲಿ ಭಾರತಪ್ಪುಳ ನೀರಿಗಿಂತ ಹೆಚ್ಚು ಮರಳು ತೋರಿಸಿತು. ಮಧ್ಯಾಹ್ನ ಎರ್ನಾಕುಲ. ಹಿರಿಯರು ಸಂಚಿ ಸುತ್ತಿ ಇಳಿದರು. ಅವರು ಇಳಿದ ಈ ಜಿಲ್ಲೆಯ ಹಳ್ಳಿಗಳಲ್ಲೂ ಒಂದು ಕಥೆಯಿದೆ. 1966ರಲ್ಲಿ ಮುಂಬೈಯ ಟಾಟಾ ಸಂಸ್ಥೆಯ ಫಲಿ ಮೆಹ್ತಾ ಮತ್ತವರ ತಂಡ ದೇಶದ ಐದು ಜಿಲ್ಲೆಗಳಲ್ಲಿ ಮನೆ ಮನೆಗೆ ಹೋಗಿ ಬಾಯಿ ನೋಡಲು ಶುರುಮಾಡಿತು: ಎರ್ನಾಕುಲ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ, ಅಂದಿನ ಬಿಹಾರದ ದರ್ಭಂಗಾ ಮತ್ತು ಸಿಂಗ್‌ಭೂಮ್. ಹದಿನೈದು ದಾಟಿದ 50,915 ಹಳ್ಳಿಗರು ಅವರ ಮುಂದೆ ಬಾಯಿ ತೆರೆದರು. ಶ್ರೀಕಾಕುಳಂನಲ್ಲಿ ಅವರು ಕಂಡದ್ದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟಿದ್ದೆ. ಅಲ್ಲಿನ ಹೆಂಗಸರು ಚುಟ್ಟಾವನ್ನು ತಿರುಗಿಸಿ, ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು ಸೇದುತ್ತಾರೆ! ಮನೆಗೆಲಸ ಮಾಡುತ್ತ, ಮಾತಾಡುತ್ತ, ಬೆಂಕಿ ಬಾಯಲ್ಲೇ. ಬೇರೆಡೆ ಅಪರೂಪವಾದ ಅಂಗುಳಿನ ಕ್ಯಾನ್ಸರ್ ಆ ಕರಾವಳಿಯಲ್ಲಿ ಹೆಚ್ಚು, ಯಾಕೆಂದು ಹೇಳಬೇಕಿಲ್ಲ. ಎಡಗೆನ್ನೆಗೆ ಎಲೆ ಇಡುವವರಿಗೆ ಎಡಗೆನ್ನೆಯಲ್ಲಿ, ಅಂಗುಳಿಗೆ ಬೆಂಕಿ ತಾಗಿಸುವವರಿಗೆ ಅಂಗುಳಿನಲ್ಲಿ. ಮೈ ಇಷ್ಟು ನೇರವಾಗಿ ಲೆಕ್ಕ ಒಪ್ಪಿಸುವ ಕಾಯಿಲೆ ಇನ್ನೊಂದನ್ನು ನಾನು ಕಂಡಿಲ್ಲ.

ತಂಡ ಅಲ್ಲಿಗೆ ನಿಲ್ಲಿಸಲಿಲ್ಲ. ಕೆಲವು ಜಿಲ್ಲೆಗಳ ಅದೇ ಹಳ್ಳಿಗಳಿಗೆ ಮತ್ತೆ ಮತ್ತೆ ಮರಳಿತು. ಹೊಸದಾಗಿ ಬಂದ ಕ್ಯಾನ್ಸರ್‌ಗಳು ಬಹುಪಾಲು ಮೊದಲೇ ಮಚ್ಚೆ ಗುರುತಿಸಿದ್ದ ಬಾಯಿಗಳಲ್ಲೇ ಕಂಡವು. ನಂತರದ ವರ್ಷಗಳಲ್ಲಿ, ಪ್ರಕಾಶ್ ಗುಪ್ತಾ ಮೊದಲಾದ ಸಂಶೋಧಕರು ಸುಮಾರು 36 ಸಾವಿರ ತಂಬಾಕು ಬಳಕೆದಾರರನ್ನು ಹಿಡಿದು, ಬಿಡಿ ಬಿಡಿ ಎಂದು ತಿಳಿಹೇಳುತ್ತ ಬಂದಾಗ, ಬಿಟ್ಟವರಲ್ಲಿ ಹೊಸ ಮಚ್ಚೆಗಳು ಕಡಿಮೆಯಾದವು. ಅಭ್ಯಾಸ ಬಿಟ್ಟರೆ ಬಿಳಿ ಮಚ್ಚೆ ತಾನಾಗಿಯೇ ಮಾಯವಾಗುವುದೂ ಉಂಟು. ಫೈಬ್ರೋಸಿಸ್ ಹಾಗಲ್ಲ, ಬಿಗಿದ ನಾರು ಪೂರ್ತಿ ಸಡಿಲವಾಗುವುದಿಲ್ಲ, ಮುಂದಕ್ಕೆ ಹೋಗದಂತೆ ತಡೆಯಬಹುದು ಅಷ್ಟೆ.

ಕೊಟ್ಟಾಯಂ, ಕೊಲ್ಲಂ ದಾಟಿ ತಿರುವನಂತಪುರ ಮುಟ್ಟಿದಾಗ ರಾತ್ರಿಯ ದೀಪಗಳು ಹತ್ತಿದ್ದವು. ಮರುದಿನ ಬೆಳಿಗ್ಗೆ ತಂಪಾನೂರಿನಲ್ಲಿ ಆಟೋ ಹತ್ತಿ "ಆರ್‌ಸಿಸಿ" ಎಂದೆ. ಚಾಲಕ ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ, ದಾರಿಯುದ್ದಕ್ಕೂ ಮೆಲ್ಲಗೆ ಓಡಿಸಿದ. ರೀಜನಲ್ ಕ್ಯಾನ್ಸರ್ ಸೆಂಟರ್ ಶುರುವಾದದ್ದು 1981ರಲ್ಲಿ, ಮೆಡಿಕಲ್ ಕಾಲೇಜಿನ ಆವರಣದಲ್ಲೇ. ಮೊದಲ ನಿರ್ದೇಶಕರು ಎಂ. ಕೃಷ್ಣನ್ ನಾಯರ್. ಒಳಗೆ ಕಾಲಿಡುತ್ತಲೇ ಸಾಲು ಸಾಲು ಜನ; ಕೈಯಲ್ಲಿ ಫೈಲು, ಪಕ್ಕದಲ್ಲಿ ಫ್ಲಾಸ್ಕು. ಮುಖದ ಅರ್ಧಕ್ಕೆ ಬ್ಯಾಂಡೇಜು ಸುತ್ತಿದ ಒಬ್ಬರು ಸ್ಲೇಟಿನಲ್ಲಿ ಬರೆದು ಮಗನಿಗೆ ಏನೋ ಹೇಳುತ್ತಿದ್ದರು. ಅಲ್ಲಿ ಬಹಳ ಹೊತ್ತು ನಿಲ್ಲಲಾಗಲಿಲ್ಲ. ನಾನು ನೋಡಬೇಕಾದದ್ದು ಇವರು ಇಲ್ಲಿಗೆ ಬರುವ ಮೊದಲಿನ ಹಂತ.

ಪರಿಚಿತರೊಬ್ಬರ ಮೂಲಕ, ನೆಡುಮಂಗಾಡ್ ದಾರಿಯ ಒಂದು ಹಳ್ಳಿಯಲ್ಲಿ ಆರೋಗ್ಯ ಕೇಂದ್ರದ ನರ್ಸ್ ಜೊತೆ ಹೋಗಲು ಅವಕಾಶ ಸಿಕ್ಕಿತು. ರಬ್ಬರ್ ತೋಟ, ಮರಗೆಣಸಿನ ಪಾತಿ, ಕೆಂಪು ಮಣ್ಣಿನ ಏರು. ಮೊದಲ ಮನೆಯ ಜಗಲಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿ. ನರ್ಸ್ ಕೈಗವಸು ಹಾಕಿಕೊಂಡು, ಅಜ್ಜಿಯ ಮುಖ ಬೆಳಕಿಗೆ ತಿರುಗಿಸಿ ಕೂರಿಸಿ, "ಅಮ್ಮೂಮ್ಮೇ, ವಾಯ್ ತುರಕ್ಕೂ" ಎಂದರು. ಬಾಯಿ ತೆರೆಯಿರಿ. ಅಜ್ಜಿಗೆ ನಾಚಿಕೆ. ಹಲ್ಲೇ ಇಲ್ಲ, ನೋಡಲಿಕ್ಕೆ ಏನಿದೆ ಎಂದು ತಕರಾರು. ಕೊನೆಗೆ ತೆರೆದರು.

ನಾನು ಅಂದುಕೊಂಡದ್ದಕ್ಕಿಂತ ಅದು ಕ್ರಮಬದ್ಧ ಕೆಲಸ. ಮೊದಲು ಹೊರಗಿನ ತುಟಿ. ಆಮೇಲೆ ಮೇಲ್ದುಟಿ ಎತ್ತಿ, ಕೆಳದುಟಿ ಮಡಚಿ ಒಳಭಾಗ. ಮರದ ಪಟ್ಟಿಯಿಂದ ಬಲಗೆನ್ನೆಯನ್ನು ಹೊರಕ್ಕೆ ಎಳೆದು ಮೂಲೆಯವರೆಗೂ ಟಾರ್ಚ್ ಬಿಟ್ಟರು, ಹಾಗೆಯೇ ಎಡಗೆನ್ನೆ. ಒಸಡಿನ ಸುತ್ತ. ನಾಲಿಗೆಯ ತುದಿಯನ್ನು ಬಟ್ಟೆಯ ತುಂಡಿನಲ್ಲಿ ಹಿಡಿದು ಎಡಕ್ಕೆ ಎಳೆದು ಬಲ ಅಂಚು, ಬಲಕ್ಕೆ ಎಳೆದು ಎಡ ಅಂಚು. ನಾಲಿಗೆ ಮೇಲೆತ್ತಿಸಿ ಅದರ ಅಡಿ. ತಲೆ ಹಿಂದಕ್ಕೆ ವಾಲಿಸಿ ಅಂಗುಳು. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿ ಬೆರಳಾಡಿಸಿ ಗಂಟುಗಳಿವೆಯೇ ಎಂದು ಮುಟ್ಟಿ ನೋಡಿದರು. ಎರಡು ಮೂರು ನಿಮಿಷ ಹಿಡಿದಿರಬಹುದು. ಎಪ್ಪತ್ತು ವರ್ಷ ಉಣ್ಣಲು, ಬೈಯಲು, ಜೋಗುಳ ಹಾಡಲು ತೆರೆದ ಬಾಯಿಯನ್ನು ಯಾರಾದರೂ ಹೀಗೆ ಮೂಲೆ ಮೂಲೆ ನೋಡಿದ್ದು ಅದೇ ಮೊದಲು ಎಂದು ಅಜ್ಜಿಯೇ ಹೇಳಿದರು.

ಬಲಗೆನ್ನೆಯ ಹಿಂದೆ ಒಂದು ಗುರುತಿತ್ತು. ನರ್ಸ್ ಕರೆದು ತೋರಿಸಿದರು. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ಗಂಜಿ ತಿಳಿ ಚೆಲ್ಲಿ ಒಣಗಿದ ಹಾಗೆ ಬಿಳುಪು, ಅಲ್ಲಲ್ಲಿ ಸಣ್ಣ ಬಿರುಕು. ಹತ್ತಿಯಿಂದ ಒರೆಸಿದರು, ಹೋಗಲಿಲ್ಲ. "ನೋವಿದೆಯಾ?" ಇಲ್ಲ. "ಉರಿ?" ಇಲ್ಲ. "ಎಷ್ಟು ದಿನದಿಂದ?" ಗೊತ್ತೇ ಇಲ್ಲ. ನನ್ನ ಇಡೀ ಪ್ರಯಾಣದಲ್ಲಿ ಎದೆ ಝಲ್ಲೆಂದದ್ದು ಆ ಉತ್ತರಕ್ಕೆ. ನೋವಿಲ್ಲ, ಹಾಗಾಗಿ ಗೊತ್ತಿಲ್ಲ. ನೋವು ಶುರುವಾಗುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ನರ್ಸ್ ಹೆದರಿಸಲಿಲ್ಲ. ಇಂಥವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದೇ ಇಲ್ಲ, ಯಾವುದು ಆಗುತ್ತದೆ ಎಂದು ಕಣ್ಣು ಹೇಳಲಾರದು, ಸಾಸಿವೆಯಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳು ದಾರಿ ತಪ್ಪಿವೆಯೇ ಎಂದು ತಿಳಿಯುತ್ತದೆ ಎಂದು ವಿವರಿಸಿ ಚೀಟಿ ಬರೆದುಕೊಟ್ಟರು.

ಇಷ್ಟು ಸರಳ ಕೆಲಸದಿಂದ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಇದೇ ಜಿಲ್ಲೆಯ 13 ಪಂಚಾಯತ್‌ಗಳು. ಕ್ಯಾನ್ಸರ್ ತಜ್ಞ ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 1990ರ ದಶಕದ ನಡುವಿನಲ್ಲಿ ಈ ಪ್ರಯೋಗ ಆರಂಭಿಸಿದರು. ಏಳು ಪಂಚಾಯತ್‌ಗಳಲ್ಲಿ ಬಾಯಿ ನೋಡುವುದು, ಆರರಲ್ಲಿ ಎಂದಿನ ಆರೋಗ್ಯಸೇವೆ ಮಾತ್ರ. ಯಾವುದಕ್ಕೆ ಯಾವುದು ಎಂದು ತೀರ್ಮಾನಿಸಿದ್ದು ಚೀಟಿ ಎತ್ತುವಂಥ ಕ್ರಮದಿಂದ. 35 ದಾಟಿದವರು ಒಂದು ಕಡೆ 96,517, ಇನ್ನೊಂದು ಕಡೆ 95,356. ಬಾಯಿ ನೋಡಿದವರು ವೈದ್ಯರಲ್ಲ, ದಂತವೈದ್ಯರೂ ಅಲ್ಲ. ತರಬೇತಿ ಪಡೆದ ಸಾಮಾನ್ಯ ಪದವೀಧರರು. ಶ್ರೀಲಂಕಾದಲ್ಲಿ ಅದಕ್ಕೂ ಮೊದಲೇ, 80ರ ದಶಕದಲ್ಲಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರು ಈ ಕೆಲಸ ಮಾಡಬಲ್ಲರೆಂದು ತೋರಿಸಿದ್ದರು. ಅದರಿಂದ ಸಾವು ತಗ್ಗುತ್ತದೆಯೇ ಎಂದು ಇಷ್ಟು ದೊಡ್ಡದಾಗಿ ಅಳೆದದ್ದು ಮಾತ್ರ ಇಲ್ಲಿ.

2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ, ಬಾಯಿ ನೋಡಿದ ಪಂಚಾಯತ್‌ಗಳಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆ. ಅಭ್ಯಾಸವಿಲ್ಲದವರನ್ನೂ ಸೇರಿಸಿ ನೋಡಿದರೆ ಕಂಡ ಇಳಿಕೆ, ಆಕಸ್ಮಿಕವಲ್ಲ ಎಂದು ಗಟ್ಟಿಯಾಗಿ ಹೇಳುವಷ್ಟು ಇರಲಿಲ್ಲ. ಹಾಗಾಗಿ ಊರಿನವರೆಲ್ಲರ ಬಾಯಿ ನೋಡುವುದಕ್ಕಿಂತ ಅಭ್ಯಾಸವಿರುವವರ ಬಾಯಿಯನ್ನು ಬಿಡದೆ ನೋಡುವುದೇ ಲಾಭ. ಪ್ರಯೋಗ ಶುರುವಾಗಿ ಹದಿನೈದು ವರ್ಷದ ನಂತರ ಮತ್ತೆ ಲೆಕ್ಕ ತೆಗೆದಾಗಲೂ ಅಭ್ಯಾಸವಿದ್ದವರಲ್ಲಿ ಸಾವಿನ ಇಳಿಕೆ ಉಳಿದಿತ್ತು, ಶೇ. 24. ಅವರಲ್ಲೇ, ತಪ್ಪದೆ ಪರೀಕ್ಷೆಯ ನಾಲ್ಕೂ ಸುತ್ತು ಬಾಯಿ ತೋರಿಸಿಕೊಂಡವರಲ್ಲಿ ಅದು ಶೇ. 81. ಹಾಗೆ ತಪ್ಪದೆ ಬರುವವರು ಮೊದಲೇ ಆರೋಗ್ಯದ ಬಗ್ಗೆ ಜಾಗರೂಕರು ಎಂಬ ಅನುಮಾನ ಇಟ್ಟುಕೊಂಡೇ ಓದಬೇಕಾದ ಅಂಕಿ ಇದು, ಆದರೂ ಟಾರ್ಚಿಗೆ ಸಲಾಂ ಹೊಡೆಯಬೇಕೆನಿಸುತ್ತದೆ.

ಆದರೆ ನನ್ನನ್ನು ಕಾಡಿದ ಅಂಕಿ ಬೇರೆ. ಮೊದಲ ವರದಿಯಲ್ಲಿ, ಮಚ್ಚೆಯೋ ಹುಣ್ಣೋ ಕಂಡು, ವೈದ್ಯರಲ್ಲಿಗೆ ಹೋಗಿ ಎಂದು ಹೇಳಿಸಿಕೊಂಡವರು 5,145 ಜನ. ಹೋದವರು 3,218. ನೂರಕ್ಕೆ 37 ಮಂದಿ ಮನೆಯಿಂದ ಹೊರಡಲೇ ಇಲ್ಲ. ಹತ್ತಿರದ ಚಿಕಿತ್ಸಾಲಯಕ್ಕೆ, ಪಕ್ಕದ ಊರಿಗೆ! ನೋವಿಲ್ಲವಲ್ಲ, ಅವತ್ತಿನ ಕೂಲಿ ಹೋಗುತ್ತದಲ್ಲ, ಏನಾದರೂ ಇದೆ ಎಂದುಬಿಟ್ಟರೆ ಎಂಬ ಭಯವಿದೆಯಲ್ಲ. ನಾನು ಮಂಗಳೂರಿನಿಂದ ಇಡೀ ಹಗಲು ರೈಲಿನಲ್ಲಿ ಕೂತು ಬಂದಿದ್ದೆ; ಹೆಚ್ಚು ಕಷ್ಟದ ಪ್ರಯಾಣ ಜಗಲಿಯಿಂದ ಆಸ್ಪತ್ರೆಗೆ ಎಂದು ತಿಳಿದದ್ದು ಆ ಅಜ್ಜಿ ಚೀಟಿಯನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದಾಗ. ನರ್ಸ್ ಅದನ್ನು ಅಲ್ಲಿಂದ ತೆಗೆದು, ಸೊಸೆಯ ಕೈಗೆ ಕೊಟ್ಟು, "ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ" ಎಂದರು. ನನ್ನ ಲೆಕ್ಕದಲ್ಲಿ ಆ ದಿನದ ಅತಿ ದೊಡ್ಡ ವೈದ್ಯಕೀಯ ಕೆಲಸ ಅದೇ.

ಮಚ್ಚೆಗೆ ಔಷಧಿ ಹುಡುಕುವ ಪ್ರಯತ್ನವೂ ಈ ನಾಡಿನಲ್ಲಿ ನಡೆದಿದೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಂಬಾಕು ಜಗಿಯುವವರಿಗೆ ಸ್ಪಿರುಲಿನಾ ಪಾಚಿಯನ್ನು ದಿನಕ್ಕೆ ಒಂದು ಗ್ರಾಂ, ಒಂದು ವರ್ಷ ಕೊಟ್ಟರು. 44 ಜನರಲ್ಲಿ 20 ಮಂದಿಯ ಮಚ್ಚೆ ಪೂರ್ತಿ ಹೋಯಿತು. ಪಾಚಿ ನಿಲ್ಲಿಸಿದ ವರ್ಷದೊಳಗೆ ಆ 20ರಲ್ಲಿ 9 ಮಂದಿಗೆ ಮರಳಿ ಬಂತು. ಹಾಗಾಗಿ ಅಂಗಡಿಯಲ್ಲಿ ಸಿಗುವ ಹಸಿರು ಗುಳಿಗೆ ನುಂಗಿ ನೆಮ್ಮದಿಯಾಗಿ ಜಗಿಯುತ್ತಿರುವವರು ತಮ್ಮನ್ನೇ ವಂಚಿಸಿಕೊಳ್ಳುತ್ತಿದ್ದಾರೆ.

ನಮ್ಮ ರಾಜ್ಯದ ಓದುಗರಿಗೆ ಕೇರಳದ ಈ ಕಥೆ ದೂರದ್ದಲ್ಲ. ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಾಯಿಯ ಪರೀಕ್ಷೆ ಉಚಿತ, ಐದು ವರ್ಷಕ್ಕೊಮ್ಮೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಾಯಿ ಕ್ಯಾನ್ಸರಿಗಾಗಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡಿದ್ದೇವೆ ಎಂದವರು ದೇಶದಲ್ಲಿ ಹೆಂಗಸರಲ್ಲಿ ಶೇ. 0.9, ಗಂಡಸರಲ್ಲಿ ಶೇ. 1.2. ಆಶಾ ಕಾರ್ಯಕರ್ತೆ ಕಾಗದ ಹಿಡಿದು ಬಂದು ತಂಬಾಕು, ಅಡಿಕೆ ತಿನ್ನುತ್ತೀರಾ ಎಂದು ಕೇಳಿದಾಗ ಸುಳ್ಳು ಹೇಳಬೇಡಿ. ಹಲ್ಲುನೋವಿಗೆ ದಂತವೈದ್ಯರಲ್ಲಿಗೆ ಹೋದವರು, ಎದ್ದು ಬರುವ ಮುನ್ನ, "ಡಾಕ್ಟ್ರೇ, ಕೆನ್ನೆ, ನಾಲಿಗೆಯ ಅಡಿಯನ್ನೂ ಒಮ್ಮೆ ನೋಡಿಬಿಡಿ" ಎಂದು ಕೇಳಿ. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದ ಬಾಯಿ, ಇವುಗಳಲ್ಲಿ ಒಂದಿದ್ದರೂ ನೋವು ಬರಲಿ ಎಂದು ಕಾಯಬೇಡಿ. ಮನೆಯ ಹಿರಿಯರಿಗೆ ಚೀಟಿ ಬರೆದುಕೊಟ್ಟಿದ್ದರೆ, ಅದು ಎಲ್ಲಿದೆ ಎಂದು ಇವತ್ತೇ ಹುಡುಕಿ, ಅವರ ಜೊತೆ ನೀವೇ ಹೋಗಿ.